ಮೊದಲ ಮಾಲಕ

ಹುಬ್ಬಳ್ಳಿಯ ಹೆಸರು ಹೇಳಿದೊಡನೆ ಹೊರಗಿನವರಿಗೆ ನೆನಪಾಗುವುದು ರೈಲು. 2023ರ ಮಾರ್ಚ್ ತಿಂಗಳಲ್ಲಿ 1507 ಮೀಟರು ಉದ್ದದ ಪ್ಲಾಟ್‌ಫಾರ್ಮು ಉದ್ಘಾಟನೆಗೊಂಡು, ಜಗತ್ತಿನಲ್ಲೇ ಅತಿ ಉದ್ದದ್ದೆಂಬ ಕೀರ್ತಿ ಪಡೆದ ಮೇಲಂತೂ ಈ ನೆನಪು ಇನ್ನಷ್ಟು ಗಟ್ಟಿಯಾಗಿದೆ. ಆದರೆ ಅಂಗಡಿಯ ಸಕ್ಕರೆ, ಔಷಧ, ಬಟ್ಟೆ, ಮಕ್ಕಳ ಪಠ್ಯಪುಸ್ತಕ ಇವೆಲ್ಲ ನಮ್ಮ ಓಣಿಯ ತನಕ ಬರುವುದು ರಬ್ಬರಿನ ಗಾಲಿಗಳ ಮೇಲೆ. ಪುಣೆ-ಬೆಂಗಳೂರು ಹೆದ್ದಾರಿಯು ಈ ಅವಳಿ ನಗರವನ್ನು ಹಾದುಹೋಗುತ್ತದೆ. ವಿಜಯಪುರ, ಗದಗ, ಅಂಕೋಲೆಗಳ ದಾರಿಗಳು ಇಲ್ಲಿಯೇ ಬಂದು ಕೂಡುತ್ತವೆ. ಊರು ಮಲಗಿದ ಮೇಲೆ ಗಬ್ಬೂರ ಕ್ರಾಸಿನಲ್ಲಿ ಒಂದು ಗಳಿಗೆ ನಿಂತು ನೋಡಿದವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದುದಿಲ್ಲ.

ಇಂಥ ಊರಿನಲ್ಲಿ ವರ್ಷ ವರ್ಷವೂ ಅನೇಕ ತರುಣರು ಭಾರವಾಹನದ ಲೈಸೆನ್ಸು ಪಡೆದು ಲಾರಿಯ ಕೆಲಸವನ್ನು ಹುಡುಕುತ್ತ ಹೊರಡುತ್ತಾರೆ. ಕಾನೂನಿನ ಮಟ್ಟಿಗೆ ಅವರ ಸಿದ್ಧತೆ ಸರಳವಾದುದು. ವಯಸ್ಸು ಇಪ್ಪತ್ತು ತುಂಬಿರಬೇಕು. ಹಗುರ ವಾಹನದ ಲೈಸೆನ್ಸು ದೊರೆತು ಒಂದು ವರ್ಷ ಕಳೆದಿರಬೇಕು. ಎಂಟನೆಯ ಇಯತ್ತೆಯವರೆಗೆ ಓದಿರಬೇಕೆಂಬ ನಿಯಮವು 2019ರಲ್ಲಿ ರದ್ದಾಯಿತು. ಆದರೆ ಲೈಸೆನ್ಸು ಕೈಗೆ ಬಂದ ದಿನವೇ ಯಾರೂ ಡ್ರೈವರರಾಗುವುದಿಲ್ಲ. ಪರೀಕ್ಷೆಯ ಬಯಲಿನಲ್ಲಿ ಖಾಲಿ ವಾಹನವನ್ನು ತಿರುಗಿಸುವುದು ಬೇರೆ. ತುಂಬಿದ ಲೋಡು ಹೊತ್ತು, ಸುರಿಯುವ ಮಳೆಯಲ್ಲಿ ಅರಬೈಲು ಘಟ್ಟವನ್ನಿಳಿಯುವುದು ಬೇರೆ. ಈ ಎರಡರ ನಡುವಿನ ವಿದ್ಯೆಯನ್ನು ಕಲಿಸಬೇಕಾದವನು ಮೊದಲ ಮಾಲಕ.

ಸೋಜಿಗವೆಂದರೆ, ಸಂಬಂಧ ಬೆಳೆಸುವಾಗ ನಾಲ್ಕು ಊರು ತಿರುಗಿ ಮನೆತನವನ್ನು ವಿಚಾರಿಸುವ ಹಿರಿಯರು, ಮಗ ಯಾರ ಲಾರಿಯನ್ನು ಹತ್ತುತ್ತಾನೆಂಬುದನ್ನು ವಿಚಾರಿಸುವುದೇ ಇಲ್ಲ. "ಸಂಬಳ ಎಷ್ಟು ಕೊಡ್ತಾರಂತ?" ಎಂಬ ಒಂದೇ ಪ್ರಶ್ನೆಗೆ ವಿಚಾರಣೆ ಮುಗಿದುಹೋಗುತ್ತದೆ.

ಹೊಸಬನ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ. ಮೊದಲನೆಯದು ದೊಡ್ಡ ಪಾರ್ಸೆಲ್ ಕಂಪನಿ. ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. 1976ರಲ್ಲಿ ಗದಗಿನ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಆರಂಭಿಸಿದ ವ್ಯವಹಾರವು ಇಂದು ಸಾವಿರಾರು ವಾಹನಗಳ ವಿ.ಆರ್.ಎಲ್. ಸಂಸ್ಥೆಯಾಗಿ ಬೆಳೆದು, ಹುಬ್ಬಳ್ಳಿಯ ಬಳಿಯ ವರೂರಿನಲ್ಲಿ ನೆಲೆ ನಿಂತಿದೆ. 2015ರಲ್ಲಿ ಷೇರುಪೇಟೆಯನ್ನೂ ಪ್ರವೇಶಿಸಿತು. ದೊಡ್ಡ ಕಂಪನಿಗಳಲ್ಲಿ ಮಾರ್ಗ ನಿಶ್ಚಿತ, ಹೊರಡುವ ವೇಳೆ ನಿಶ್ಚಿತ. ದುರಸ್ತಿಗೆ ಸ್ವಂತ ಗ್ಯಾರೇಜು, ಲೆಕ್ಕಕ್ಕೆ ಕಾಗದಪತ್ರ ಇರುವುದು ವಾಡಿಕೆ. ಇಪ್ಪತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಭವಿಷ್ಯನಿಧಿಯ ಕಾನೂನೂ ಅನ್ವಯಿಸುತ್ತದೆ. ಆದರೆ ಅಲ್ಲಿ ಶಿಸ್ತು ಬಿಗಿ; ಗಡಿಯಾರಕ್ಕಿರುವ ಬೆಲೆ ಕೆಲವೊಮ್ಮೆ ಕಣ್ಣಿನ ನಿದ್ದೆಗಿರುವುದಿಲ್ಲ.

ಎರಡನೆಯದು ಎರಡು-ಮೂರು ಲಾರಿಗಳ ಚಿಕ್ಕ ಮಾಲಕ. ಅವನು ಬಹುಮಟ್ಟಿಗೆ ತಾನೇ ಒಂದು ಕಾಲಕ್ಕೆ ಸ್ಟಿಯರಿಂಗು ಹಿಡಿದವನು. ತಾಡಪತ್ರಿ ಬಿಗಿಯುವುದು, ಸಪ್ಪಳದಿಂದಲೇ ಇಂಜಿನ್ನಿನ ರೋಗವನ್ನು ಗುರುತಿಸುವುದು, ಲೋಡು ಒಂದು ಮಗ್ಗುಲಿಗೆ ವಾಲದಂತೆ ಹಮಾಲರಿಗೆ ಹೇಳಿ ಹೇರಿಸುವುದು ಇವೆಲ್ಲವನ್ನೂ ಅವನ ಕೈಕೆಳಗೆ ಕಲಿತವನು ಮುಂದೆ ಎಲ್ಲಿಯೂ ಹಿಂದೆ ಬೀಳುವುದಿಲ್ಲ. ಆದರೆ ಬಾಡಿಗೆ ಸಿಗದ ವಾರದಲ್ಲಿ ಮಾಲಕನ ಮನೆಯ ಒಲೆಯೊಡನೆ ಡ್ರೈವರನ ಮನೆಯ ಒಲೆಯೂ ತಣ್ಣಗಾಗುವುದುಂಟು. ಲಾರಿಯ ಕಂತು ಬಾಕಿಯಿದ್ದವನಿಗೆ ಟಾಯರು ಬದಲಿಸುವ ಧೈರ್ಯವೂ ಕಡಿಮೆ.

ಮೂರನೆಯದು ಒಂದೇ ಸರಕನ್ನು ನಂಬಿದ ಸಾಗಾಣಿಕೆ: ಮರಳು, ಜಲ್ಲಿ, ಅದಿರು. ಇಲ್ಲಿ ಆರಂಭದ ಹಣ ಹೆಚ್ಚಾಗಿ ಕಾಣುತ್ತದೆ. ಕಬ್ಬಿಣದ ಅದಿರಿನ ಭರಾಟೆಯ ಕಾಲದಲ್ಲಿ ಬಳ್ಳಾರಿ ಸೀಮೆಯಿಂದ ಹುಬ್ಬಳ್ಳಿಯ ಮೇಲೆ ಹಾದು ಬೇಲೆಕೇರಿ, ಕಾರವಾರ ಬಂದರುಗಳಿಗೆ ಲಾರಿಗಳು ಸಾಲುಗಟ್ಟಿ ಹರಿದುದನ್ನು ಕಂಡವರು ಇನ್ನೂ ಇದ್ದಾರೆ. 2011ರ ಜುಲೈಯಲ್ಲಿ ಲೋಕಾಯುಕ್ತರ ವರದಿ ಹೊರಬಂದಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಅದಿರನ್ನೇ ನಂಬಿದ ಲಾರಿಗಳು ನಿಂತಲ್ಲೇ ನಿಂತವು. ಅವುಗಳನ್ನು ನಂಬಿದ ಮನೆಗಳೂ ನಿಂತವು. ಟ್ರಿಪ್ಪಿನ ಲೆಕ್ಕದ ದುಡಿಮೆಯಲ್ಲಿ ಇನ್ನೊಂದು ಅಪಾಯವಿದೆ. ದಿನಕ್ಕೆ ಒಂದು ಟ್ರಿಪ್ಪು ಹೆಚ್ಚಾದರೆ ಹಣ ಹೆಚ್ಚು. ಆದ್ದರಿಂದ ವೇಗವೂ ಹೆಚ್ಚು, ಭಾರವೂ ಹೆಚ್ಚು. ಹೊಸ ಕೈಗೆ ಇದು ಯೋಗ್ಯವಾದ ಪಾಠಶಾಲೆಯಲ್ಲ.

ಹಾಗಾದರೆ ಕೇಳಬೇಕಾದ ಪ್ರಶ್ನೆಗಳಾವುವು? ಸಂಬಳವೆಷ್ಟು ಎಂಬುದಕ್ಕಿಂತ ಸಂಬಳವನ್ನು ಹೇಗೆ ಲೆಕ್ಕ ಹಾಕುತ್ತಾರೆಂಬುದು ಮುಖ್ಯ. ತಿಂಗಳ ಸಂಬಳವೋ, ಟ್ರಿಪ್ಪಿನ ಲೆಕ್ಕವೋ? ದಾರಿಯ ಭತ್ತೆ ಅದರಲ್ಲಿ ಸೇರಿದೆಯೋ, ಬೇರೆಯೋ? ಗೋದಾಮಿನ ಮುಂದೆ ಎರಡು ದಿನ ಕಾಯಬೇಕಾಗಿ ಬಂದರೆ ಆ ದಿನಗಳು ಯಾರ ಲೆಕ್ಕಕ್ಕೆ? ಸರಕು ಕಡಿಮೆ ಬಂದರೆ, ನೆನೆದರೆ ಯಾರ ಜೇಬಿಗೆ ಕತ್ತರಿ?

ಎರಡನೆಯದು ಡೀಸೆಲ್ಲಿನ ಪ್ರಶ್ನೆ. ಲೀಟರಿಗೆ ಇಷ್ಟು ಕಿಲೋಮೀಟರು ಬರಲೇಬೇಕು, ಉಳಿಸಿದರೆ ಬಹುಮಾನ, ತಪ್ಪಿದರೆ ಸಂಬಳದಲ್ಲಿ ಕಡಿತ ಎಂಬ ಪದ್ಧತಿ ಕೆಲವು ಕಡೆಗಳಲ್ಲಿದೆ. ಉಳಿತಾಯ ಒಳ್ಳೆಯದೇ. ಆದರೆ ಕಡಿತಕ್ಕೆ ಹೆದರಿದ ಹೊಸಬನು ಇಳಿಜಾರಿನಲ್ಲಿ ಗೇರು ತೆಗೆದು ಲಾರಿಯನ್ನು ಹಾಗೆಯೇ ಹರಿಯಬಿಡುತ್ತಾನೆ. ಆಗ ಇಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದು ಹಿಡಿಯದಂತಾಗುತ್ತದೆ. ಗುಡ್ಡವನ್ನು ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬುದು ಹಳೆಯ ಡ್ರೈವರರ ಮಾತು. ಆ ಮಾತನ್ನು ನಡೆಸಲು ಬಿಡದ ಮಾಲಕನ ಬಹುಮಾನ ಬಹಳ ತುಟ್ಟಿಯದು.

ಮೂರನೆಯದು ಭಾರದ ಪ್ರಶ್ನೆ. ಮಿತಿಮೀರಿ ಹೇರಿದರೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ಎಂದು 2019ರ ತಿದ್ದುಪಡಿ ಹೇಳುತ್ತದೆ. ಕಾನೂನು ಓಡಿಸಿದವನನ್ನೂ, ಓಡಿಸಲು ಬಿಟ್ಟವನನ್ನೂ ಹೊಣೆ ಮಾಡಿದೆ. ಆದರೆ ರಸ್ತೆಯಲ್ಲಿ ಕೈ ತೋರಿಸಿ ನಿಲ್ಲಿಸಿದಾಗ ಇಳಿದು ನಿಲ್ಲುವವನು ಡ್ರೈವರನೊಬ್ಬನೇ. ವಿಮೆ, ಎಫ್.ಸಿ., ಪರ್ಮಿಟ್ಟುಗಳ ಅವಧಿಯನ್ನು ಹೊರಡುವ ಮುನ್ನ ತಾನೇ ಓದಿ ನೋಡುವುದಕ್ಕೆ ಸಂಕೋಚ ಸಲ್ಲದು. ಕಾಗದ ತೋರಿಸಲು ಹಿಂಜರಿಯುವ ಮಾಲಕನು ತನ್ನ ಗುಣವನ್ನು ತಾನೇ ತೋರಿಸಿಕೊಟ್ಟಂತಾಯಿತು.

ಕೊನೆಯದು ನಿದ್ದೆಯ ಪ್ರಶ್ನೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ಐದು ಗಂಟೆಗೊಮ್ಮೆ ಅರ್ಧ ಗಂಟೆಯ ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಹೇಳಿತ್ತು. ದೂರದ ಮಾರ್ಗಗಳಿಗೆ ಕೊಂಚ ಸಡಿಲಿಕೆಯೂ ಇತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಆ ಕಾಯಿದೆ ಲೀನವಾಯಿತು. ಎಂಟು ಗಂಟೆಯ ತತ್ತ್ವ ಉಳಿದಿದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರಿಗೂ ಹೆಚ್ಚು. ಗಂಟೆಗೆ ನಲವತ್ತರ ಸರಾಸರಿ ಹಿಡಿದರೂ ಹತ್ತು ಗಂಟೆ ಬೇಕು. ಒಬ್ಬನೇ ಹೋಗಿ, ಇಳಿಸಿ, ಅಂದೇ ತಿರುಗಿ ಬರಬೇಕೆನ್ನುವ ಮಾಲಕನ ಗಣಿತದಲ್ಲಿ ಮನುಷ್ಯನ ದೇಹಕ್ಕೆ ಸ್ಥಾನವಿಲ್ಲ. ಎರಡನೆಯ ಡ್ರೈವರನನ್ನು ಕೊಡುತ್ತಾರೆಯೇ ಎಂದು ಮೊದಲೇ ಕೇಳಬೇಕು. ಈಗ ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ, ಸಂತೋಷವೇ ಸರಿ. ಆದರೆ ತಂಪು ಗಾಳಿಯು ನಿದ್ದೆಯ ಬದಲಿಗೆ ಬರಲಾರದು.

ರಸ್ತೆಯು ಒಂದು ಕ್ಷಣದ ಮೈಮರೆವನ್ನೂ ಕ್ಷಮಿಸುವುದಿಲ್ಲ. 2021ರ ಜನವರಿಯಲ್ಲಿ ಧಾರವಾಡದ ಹತ್ತಿರ ಇಟಿಗಟ್ಟಿಯ ಬಳಿ, ಬೈಪಾಸಿನ ಮೇಲೆ, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಗೆಳತಿಯರ ವಾಹನಕ್ಕೂ ಟಿಪ್ಪರಿಗೂ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡ ದುಃಖವನ್ನು ಈ ಭಾಗದವರು ಮರೆತಿಲ್ಲ. ಭಾರವಾಹನದ ಸ್ಟಿಯರಿಂಗು ಹಿಡಿದವನ ಕೈಯಲ್ಲಿ ತನ್ನ ಜೀವವಷ್ಟೇ ಅಲ್ಲ, ಎದುರಿಗೆ ಬರುವ ಅಪರಿಚಿತರ ಜೀವವೂ ಇರುತ್ತದೆ.

ಇಷ್ಟು ವಿಚಾರಿಸಿದ ಮೇಲೂ ಒಂದು ಮಾತು ಉಳಿಯುತ್ತದೆ. ಕಂಪನಿ ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ, ಮೊದಲ ಆರು ತಿಂಗಳು ಪಕ್ಕದಲ್ಲಿ ಕುಳಿತು ತಿದ್ದುವ ಹಿರಿಯ ಡ್ರೈವರನೊಬ್ಬನಿದ್ದಾನೆಯೇ ಎಂಬುದು ದೊಡ್ಡದು. "ಕಣ್ಣು ಎಳೀಲಿಕ್ಕತ್ತಾವ್ರಿ, ಒಂದು ತಾಸು ನಿಲ್ಲಿಸ್ತೀನಿ" ಎಂದು ನಡುರಾತ್ರಿಯಲ್ಲಿ ಫೋನು ಮಾಡಿದ ಹುಡುಗನಿಗೆ "ನಿಲ್ಲಿಸಪ್ಪಾ, ಮಲಗು, ಮಾಲು ಮುಂಜಾನೆ ಮುಟ್ಟಿದರೂ ನಡೀತದ" ಎನ್ನುವ ಮಾಲಕನು ಸಾವಿರ ರೂಪಾಯಿ ಕಡಿಮೆ ಕೊಟ್ಟರೂ ಅವನ ಲಾರಿಯನ್ನೇ ಹತ್ತುವುದು ಲೇಸು. ಅಂಥವನು ಯಾರೆಂದು ತಿಳಿಯಲು ಕಚೇರಿಯ ಬಾಗಿಲಿಗೆ ಹೋಗಬೇಕಾಗಿಲ್ಲ. ಅವನಲ್ಲಿ ಐದು ವರ್ಷ ಕೆಲಸ ಮಾಡಿದ ಡ್ರೈವರನನ್ನು ಚಹದಂಗಡಿಯಲ್ಲಿ ಮಾತನಾಡಿಸಿದರೆ ಸಾಕು. ಐದು ವರ್ಷ ನಿಂತವನು ಒಬ್ಬನೂ ಸಿಗದಿದ್ದರೆ, ಅದೂ ಒಂದು ಉತ್ತರವೇ.