ಕೆಸರಿಗೆ ಬಿಲ್ಲಾಗುವುದಿಲ್ಲ

ಕಡಲಿಗೆ ಕಲ್ಲು ಹಾಕುವಷ್ಟು ನಿಶ್ಚಿಂತೆಯ ಕಾಮಗಾರಿ ಈ ರಾಜ್ಯದಲ್ಲಿ ಇನ್ನೊಂದಿಲ್ಲ. ರಸ್ತೆಯಾದರೆ ಡಾಂಬರು ಎದ್ದದ್ದು ಕಾಣುತ್ತದೆ, ಶಾಲೆಯಾದರೆ ಸೂರು ಸೋರಿದ್ದು ಕಾಣುತ್ತದೆ. ಕಡಲಿಗೆ ಸುರಿದದ್ದು ಎಷ್ಟು ಲೋಡು ಎಂದು ಎಣಿಸಲು ಯಾವ ಲೆಕ್ಕ ಪರಿಶೋಧಕನೂ ನೀರಿಗಿಳಿಯುವುದಿಲ್ಲ. ನೂರು ಲೋಡು ಬಿದ್ದರೂ ಕಡಲು ನುಂಗಿತು, ಅರವತ್ತು ಬಿದ್ದರೂ ಕಡಲು ನುಂಗಿತು. ಮುಂದಿನ ಮಳೆಗಾಲಕ್ಕೆ ಅದೇ ಜಾಗಕ್ಕೆ ಹೊಸ ಎಸ್ಟಿಮೇಟು.

ಉಳ್ಳಾಲ, ಸೋಮೇಶ್ವರ, ಉಚ್ಚಿಲ, ಕಾಪು, ಮರವಂತೆ. ಕರಾವಳಿಯವರಿಗೆ ಇವು ಊರುಗಳ ಹೆಸರಾಗಿ ಉಳಿದಿಲ್ಲ, ಜೂನ್ ತಿಂಗಳ ಸುದ್ದಿ ತಲೆಬರಹಗಳಾಗಿವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಮಳೆಗಾಲಕ್ಕೂ ಕಾಯಲಿಲ್ಲ. ಹಾಕಿದ ಕಲ್ಲುಗಳ ಮೇಲಿಂದ ಹಾರಿ ಬಂದ ನೀರು ಮನೆಯೊಳಗೆ ನಿಂತಿತು. ಕೇಂದ್ರದ ಕರಾವಳಿ ಸಂಶೋಧನಾ ಕೇಂದ್ರದ ಅಧ್ಯಯನದ ಪ್ರಕಾರ ನಮ್ಮ ತೀರದ ಸುಮಾರು ನಾಲ್ಕನೇ ಒಂದು ಭಾಗ ಕೊರೆತಕ್ಕೆ ಒಳಗಾಗಿದೆ. ಅಷ್ಟು ಉದ್ದಕ್ಕೂ ನಮ್ಮವರಿಗೆ ಗೊತ್ತಿರುವ ಮದ್ದು ಒಂದೇ: ಗುಡ್ಡ ಒಡೆ, ಟಿಪ್ಪರಿಗೆ ತುಂಬು, ಕಡಲಿಗೆ ಸುರಿ. ಹೀಗೆ ಒಂದು ಕಾಮಗಾರಿಗೆ ಎರಡು ಊರು ಹಾಳು, ಗುಡ್ಡದ ಬುಡದ್ದೊಂದು, ಕಡಲ ಕರೆಯದ್ದೊಂದು.

ಗೋಡೆ ಏನು ಮಾಡುತ್ತದೆ ಎನ್ನುವುದು ಗುಟ್ಟಲ್ಲ. ಇಳಿಜಾರು ಮರಳಿನ ಮೇಲೆ ಏರಿ ಬಂದ ಅಲೆ ಏರುತ್ತ ಏರುತ್ತ ಸುಸ್ತಾಗಿ, ಅರ್ಧ ನೀರನ್ನು ಮರಳಿಗೇ ಕುಡಿಸಿ ಹಿಂದೆ ಸರಿಯುತ್ತದೆ. ಅದೇ ಅಲೆ ಕಲ್ಲಿಗೆ ಬಡಿದರೆ ಸಿಟ್ಟಿನಲ್ಲೇ ವಾಪಸಾಗುತ್ತದೆ. ಹೋಗುವಾಗ ಕಲ್ಲಿನ ಬುಡದ ಮರಳನ್ನು ಕಿತ್ತುಕೊಂಡು ಹೋಗುತ್ತದೆ. ಬುಡ ಸಡಿಲವಾದ ಮೇಲೆ ಕಲ್ಲು ಒಂದೊಂದಾಗಿ ಕೆಳಗೆ ಜಾರುತ್ತದೆ. ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿಂದಾಚೆ ಕೊರೆತ ಶುರು. ಅಲ್ಲಿ ಪಕ್ಕದ ಮನೆಯವರು ಅರ್ಜಿ ಹಿಡಿದು ಪಂಚಾಯತಿಗೆ ಓಡುತ್ತಾರೆ, ಗೋಡೆ ಇನ್ನೂ ನೂರು ಮೀಟರ್ ಬೆಳೆಯುತ್ತದೆ, ಕೊರೆತವೂ ನೂರು ಮೀಟರ್ ಮುಂದೆ ಸರಿಯುತ್ತದೆ. ಗುತ್ತಿಗೆದಾರನಿಗೆ ಇದಕ್ಕಿಂತ ಒಳ್ಳೆಯ ಕಡಲು ಎಲ್ಲಿ ಸಿಕ್ಕೀತು?

ಈ ಗೋಡೆಗೆ ಮೊದಲು ಬಲಿಯಾದದ್ದು ಕೈರಂಪಣಿ. ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ದೋಣಿಯಲ್ಲಿ ಅರ್ಧ ಸುತ್ತು ಬಂದು, ಎರಡೂ ತುದಿಗೆ ಜನ ನಿಂತು ಎಳೆಯುವ ಮೀನುಗಾರಿಕೆ ಅದು. ಎಳೆಯಲು ಕಾಲಡಿ ಮರಳು ಬೇಕು, ಕಾಲೂರಲು ಜಾಗ ಬೇಕು. ಕಲ್ಲಿನ ರಾಶಿಯ ಮೇಲೆ ನಿಂತು ಯಾರೂ ಬಲೆ ಎಳೆಯಲಾರರು, ಎಳೆದರೆ ಬಲೆ ಹರಿಯುತ್ತದೆ, ಕಾಲು ಮುರಿಯುತ್ತದೆ. ನಾಡದೋಣಿ ಮೇಲೆಳೆದು ಇಡುವ ಜಾಗವೂ ಹೋಯಿತು, ಹೆಂಗಸರು ಮೀನು ಒಣಗಿಸುವ ಜಾಗವೂ ಹೋಯಿತು. ಕುಂದಾಪುರದ ಕಡೆಯ ಒಬ್ಬ ಮುದುಕ ಎಂಜಿನಿಯರನ್ನು ನಿಲ್ಲಿಸಿ ಕೇಳಿದ್ದು ಇಷ್ಟೇ: "ಹ್ವಾಯ್, ಕಲ್ ಹಾಕಿರಿ, ಸೈ. ದೋಣಿ ಎಲ್ಲ್ ಎಳೂದ್ ಮಾರಾಯ್ರೆ?" ಎಂಜಿನಿಯರ್ ಮೊಬೈಲ್ ತೆಗೆದು ಕಿವಿಗಿಟ್ಟುಕೊಂಡರು. ಉತ್ತರಿಸುವ ಕಾಲಂ ಅವರ ನಕ್ಷೆಯಲ್ಲಿ ಇರಲಿಲ್ಲ.

ಕಡಲನ್ನು ತಡೆಯದೆ ತಣಿಸುವ ವಿದ್ಯೆ ಈ ಕರಾವಳಿಗೆ ಹೊಸದಲ್ಲ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾದ ಕಡೆಗೆ ಹೋಗಿ ನೋಡಿ. ಅಘನಾಶಿನಿ ಕಡಲು ಸೇರುವ ಮೊದಲು ಹರಡಿಕೊಳ್ಳುವ ಜಾಗದಲ್ಲಿ ಗಜನಿ ಗದ್ದೆಗಳಿವೆ. ಕಡಲಿನ ಉಬ್ಬರ ದಿನಕ್ಕೆರಡು ಸಲ ಹೊಳೆಯೊಳಗೆ ಏರಿ ಬರುತ್ತದೆ. ಮಣ್ಣಿನ ಕಟ್ಟೆ, ತೂಬು, ತೂಬಿನ ಹಲಗೆ, ಇಷ್ಟರಲ್ಲೇ ರೈತರು ಉಪ್ಪುನೀರಿನೊಡನೆ ವ್ಯವಹಾರ ಕುದುರಿಸಿಕೊಂಡಿದ್ದಾರೆ. ಮಳೆಗಾಲದಲ್ಲಿ ಸಿಹಿನೀರು ಗದ್ದೆಯ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ. ಆಳೆತ್ತರ ಬೆಳೆಯುತ್ತದೆ, ಉಪ್ಪು ತಾಳುತ್ತದೆ, ಕೆಲವು ದಿನ ಮುಳುಗಿದರೂ ಕೊಳೆಯುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ತೆನೆ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಹಲಗೆ ತೆಗೆದರೆ ಅದೇ ಗದ್ದೆಗೆ ಸಿಗಡಿಯೂ ಮೀನೂ ಬರುತ್ತವೆ, ಹುಲ್ಲೇ ಅವಕ್ಕೆ ಮೇವು. ಕಟ್ಟೆಯ ಹೊರಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಾಲು, ಅದರಾಚೆ ಇಳಿತದಲ್ಲಿ ತೆರೆದುಕೊಳ್ಳುವ ಕೆಸರು ಬಯಲು. ಸೊಂಟಮಟ್ಟ ನೀರಿನಲ್ಲಿ ಕೂತೆದ್ದು ಚಿಪ್ಪಿ ಹೆಕ್ಕುವ ನೂರಾರು ಹೆಂಗಸರಿಗೆ ಅದೇ ಬ್ಯಾಂಕು.

ಪ್ರವಾಹ ಬಂದಾಗ ಈ ವ್ಯವಸ್ಥೆ ಮಾಡುವ ಕೆಲಸ ಸರಳ. ನೀರಿಗೆ ಹರಡಿಕೊಳ್ಳಲು ಜಾಗ ಸಿಗುತ್ತದೆ, ಆದ್ದರಿಂದ ಊರೊಳಗೆ ಎತ್ತರ ಏರುವುದಿಲ್ಲ. ಕಾಂಡ್ಲಾದ ಬೇರು, ಜವುಗಿನ ಹುಲ್ಲಿನ ಕಾಂಡ ಅಲೆಯ ಕಾಲು ಹಿಡಿಯುತ್ತವೆ. ವೇಗ ತಗ್ಗಿದ ನೀರು ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸುತ್ತದೆ, ಹಾಗಾಗಿ ನೆಲ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮೇಲೇರುತ್ತದೆ. ಕಡಲು ಏರುತ್ತಿರುವ ಕಾಲದಲ್ಲಿ ತಾನೂ ಏರಬಲ್ಲ ತಡೆ ಎಂದರೆ ಇದೊಂದೇ. ಕಲ್ಲಿನ ಗೋಡೆಗೆ ಇಳಿಯುವುದು ಮಾತ್ರ ಗೊತ್ತು.

ನಮ್ಮ ಹೆಂಗಸರು, ನಮ್ಮ ಗಜನಿ ರೈತರು ಹೇಳಿದರೆ ಕಲ್ಲು ಹಾಕಿಸುವವರು ನಂಬುವುದಿಲ್ಲ, ಬಿಳಿಯರು ಹೇಳಿದರೆ ನಂಬುತ್ತಾರೆ. ಹಾಗಾದರೆ ಅದನ್ನೂ ಕೇಳಿಕೊಳ್ಳಲಿ. ಕಡಲನ್ನು ಗೋಡೆ ಕಟ್ಟಿ ಹಿಡಿದಿಟ್ಟವರೆಂದು ನಮ್ಮವರು ಕೊಂಡಾಡುವ ನೆದರ್ಲೆಂಡ್ಸಿನಲ್ಲಿ 1953ರ ಪ್ರವಾಹ 1836 ಜನರನ್ನು ಕೊಂದಿತು. ಅಲ್ಲಿನ ವಿಜ್ಞಾನಿಗಳು 1717ರ ಮತ್ತು 1953ರ ಪ್ರವಾಹಗಳ ದಾಖಲೆಗಳನ್ನು ಕೆದಕಿ 2020ರಲ್ಲಿ ಪ್ರಕಟಿಸಿದ್ದು ಇದು: ಎದುರಿಗೆ ಉಪ್ಪುಜವುಗು ಇದ್ದ ಕಡೆ ಒಡ್ಡು ಒಡೆದರೂ ಬಿರುಕು ಕಿರಿದಾಗಿತ್ತು, ಒಳನುಗ್ಗುವ ನೀರೂ ಕಡಿಮೆ. ಜರ್ಮನಿಯ ಹ್ಯಾನೋವರಿನಲ್ಲಿ 300 ಮೀಟರ್ ಉದ್ದದ ಅಲೆತೊಟ್ಟಿಯೊಳಗೆ ನಿಜವಾದ ಜವುಗನ್ನೇ ಕಿತ್ತು ತಂದು ಹಾಸಿ ಬಿರುಗಾಳಿಯ ಅಲೆ ಎಬ್ಬಿಸಿದರು; ಅಲೆ ತಗ್ಗಿದ್ದರಲ್ಲಿ ಶೇ. 60ರವರೆಗೆ ಗಿಡಗಳದೇ ಪಾಲು. ಇಂಗ್ಲೆಂಡಿನ ಮೆಡ್‌ಮೆರಿಯಲ್ಲಿ ಪ್ರತಿ ಚಳಿಗಾಲ ಬೆಣಚುಕಲ್ಲಿನ ದಿಬ್ಬವನ್ನು ರಿಪೇರಿ ಮಾಡಿ ಮಾಡಿ ಸಾಕಾಗಿ, 2013ರಲ್ಲಿ ಸರ್ಕಾರವೇ ಅದನ್ನು ಕಡಿದು ಕಡಲನ್ನು ಒಳಗೆ ಬಿಟ್ಟಿತು. ಒಡ್ಡನ್ನು ಹಿಂದೆ, ಒಳನಾಡಿನಲ್ಲಿ ಕಟ್ಟಿದರು. ಮಧ್ಯದ 183 ಹೆಕ್ಟೇರಿನಲ್ಲಿ ಜವುಗು ಬೆಳೆಯಿತು.

ಅಷ್ಟು ದೂರ ಯಾಕೆ? 1999ರ ಒಡಿಶಾ ಮಹಾ ಚಂಡಮಾರುತದ ಬಳಿಕ ಕೇಂದ್ರಪಾಡಾ ಜಿಲ್ಲೆಯ ಹಳ್ಳಿಗಳ ಸಾವಿನ ಲೆಕ್ಕ ತೆಗೆದವರಿಗೆ ಸಿಕ್ಕಿದ್ದೂ ಅದೇ. ಕಡಲಿಗೂ ಹಳ್ಳಿಗೂ ನಡುವೆ ಕಾಂಡ್ಲಾ ಕಾಡಿನ ಅಗಲ ಎಲ್ಲಿ ಹೆಚ್ಚಿತ್ತೋ ಅಲ್ಲಿ ಸಾವು ಕಡಿಮೆ. ಸತ್ತವರೆಲ್ಲ ಬಡವರು, ಆದ್ದರಿಂದ ಲೆಕ್ಕ ವಿಜ್ಞಾನ ಪತ್ರಿಕೆಯಲ್ಲಿ ಉಳಿಯಿತು, ಟೆಂಡರಿಗೆ ಬರಲಿಲ್ಲ.

ಗೊತ್ತಿಲ್ಲದೆ ಮಾಡುತ್ತಿದ್ದಾರೆ ಎಂದು ನಾನು ಒಪ್ಪುವುದಿಲ್ಲ. ಕಾನೂನಿನಲ್ಲೇ ಬರೆದಿದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಕಾಂಡ್ಲಾ, ಉಪ್ಪುಜವುಗು, ಮರಳು ದಿಬ್ಬ, ಜೀವಂತ ಕೆಸರು ಬಯಲು ಎಲ್ಲವೂ ಅತಿ ಸೂಕ್ಷ್ಮ ಪಟ್ಟಿಯಲ್ಲಿವೆ. ಬರೆದ ಕೈಯೇ ಅಳಿಸಿತು. 2019ರ ಹೊಸ ಅಧಿಸೂಚನೆಯಲ್ಲಿ ಜನದಟ್ಟಣೆ ಹೆಚ್ಚಿರುವ ಹಳ್ಳಿತೀರಗಳಲ್ಲಿ ಕಟ್ಟಡ ನಿಷಿದ್ಧ ಪಟ್ಟಿಯನ್ನು 200 ಮೀಟರಿನಿಂದ 50ಕ್ಕೆ ಇಳಿಸಿದರು. ಖಾಸಗಿ ಜಮೀನಿನ ಕಾಂಡ್ಲಾಕ್ಕೆ ಅಂಚಿನ ರಕ್ಷಣೆಯೇ ಬೇಡವೆಂದರು. ಕಡಲು ಒಳಗೆ ಬರುತ್ತಿರುವಾಗ ಕಟ್ಟಡವನ್ನು ಕಡಲ ಕಡೆಗೆ ತಳ್ಳುವ ಬುದ್ಧಿ ರೆಸಾರ್ಟ್ ಮಾಲೀಕರಿಗೆ ಹೊಳೆಯಬಹುದು, ಸರ್ಕಾರಕ್ಕೆ ಹೊಳೆದದ್ದು ಹೇಗೆ? ಸಿಗಡಿ ಕೆರೆಗಳದೂ ಇದೇ ಕಥೆ. ತೊಂಬತ್ತರ ದಶಕದಲ್ಲಿ ಗಜನಿಗಳನ್ನು ಗೇಣಿಗೆ ಹಿಡಿದು, ಕಾಂಡ್ಲಾ ಕಡಿದು ಸಿಗಡಿ ಸಾಕಿದರು, ರೋಗ ಬಂದಾಗ ಉಪ್ಪುಗಟ್ಟಿದ ಹೊಂಡ ಬಿಟ್ಟು ಹೋದರು. ವಲಯದೊಳಗಿನ ಸಿಗಡಿ ಕೆರೆಗಳನ್ನು ತೆಗೆಯಿರಿ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2005ರಲ್ಲಿ ಸಂಸತ್ತು ಕಾಯ್ದೆ ತಂದು ಅವಕ್ಕೆ ಮತ್ತೆ ಬಾಗಿಲು ತೆಗೆಯಿತು.

ಅಘನಾಶಿನಿಯ ಅಳಿವೆಗೆ ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ತರಲು ಹೊರಟಿದ್ದರು. ಜನ ಎದ್ದು ನಿಂತರು, ಅದು ಹೋಯಿತು. 2024ರಲ್ಲಿ ಅದೇ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜವುಗುಗಳ ರಾಮ್ಸರ್ ಪಟ್ಟಿ ಸೇರಿದಾಗ ಅಭಿನಂದನೆ ಸ್ವೀಕರಿಸಿದವರ ಸಾಲಿನಲ್ಲಿ ಚಿಪ್ಪಿ ಹೆಕ್ಕುವ ಒಬ್ಬ ಹೆಂಗಸೂ ಕಾಣಲಿಲ್ಲ. ಶಾಲು ಹೊದ್ದವರ ಕೈಗಳೇ ಈಗ ಅಘನಾಶಿನಿಯ ನೀರನ್ನು ಘಟ್ಟದ ಮೇಲಕ್ಕೆ, ವೇದಾವತಿಗೆ ತಿರುಗಿಸುವ ಕಡತ ಹಿಡಿದಿವೆ. ಅಣೆಕಟ್ಟಿಲ್ಲದೆ ಹರಿಯುವುದರಿಂದಲೇ ಆ ಹೊಳೆ ಅಳಿವೆಗೆ ಮಣ್ಣು ತರುತ್ತಿದೆ. ಮಣ್ಣು ಬರದಿದ್ದರೆ ಜವುಗು ಏರುವುದಿಲ್ಲ. ಶರಾವತಿ ಲಿಂಗನಮಕ್ಕಿಯಲ್ಲಿ ನಿಂತ ಮೇಲೆ ಹೊನ್ನಾವರದ ಅಳಿವೆಯ ಗತಿ ಏನಾಯಿತೆಂದು ಅಲ್ಲಿನ ಮೀನುಗಾರರನ್ನೇ ಕೇಳಿ.

ಇನ್ನು ಗಿಡ ನೆಡುವ ನಾಟಕ. 2023ರ ಕೇಂದ್ರ ಬಜೆಟ್ಟಿನಲ್ಲಿ 'ಮಿಷ್ಟಿ' ಎಂಬ ಸಿಹಿ ಹೆಸರಿನ ಕಾಂಡ್ಲಾ ಯೋಜನೆ ಬಂತು. 2021ರ ಅರಣ್ಯ ಸಮೀಕ್ಷೆಯಲ್ಲಿ ಕರ್ನಾಟಕಕ್ಕೆ ಇದ್ದ ಕಾಂಡ್ಲಾ ಬರೀ 13 ಚದರ ಕಿ.ಮೀ., ಹಾಗಾಗಿ ನೆಡುವುದು ಬೇಡ ಎನ್ನುವಂತಿಲ್ಲ. ಆದರೆ ಎಲ್ಲಿ ನೆಡುತ್ತೀರಿ? ಚಿಪ್ಪಿ ಬೆಳೆಯುವ ಕೆಸರು ಬಯಲು ಖಾಲಿ ಜಾಗವಲ್ಲ, ಅಲ್ಲಿ ಗೂಟ ಹೊಡೆದು ಸಸಿ ನೆಟ್ಟು ಬೋರ್ಡು ಹಾಕಿದರೆ ಬಡವರ ಅನ್ನವನ್ನೇ ಕಿತ್ತಂತೆ. ಮರಳು ತೀರದಲ್ಲಿ ಅರಣ್ಯ ಇಲಾಖೆಯ ಪ್ರೀತಿ ಗಾಳಿಮರದ ಮೇಲೆ. ತಾನಾಗಿ ಹಬ್ಬಿ ಮರಳನ್ನು ಹೊಲಿದು ಹಿಡಿಯುವ ಅಡುಂಬು ಬಳ್ಳಿ, ರಾವಣನ ಮೀಸೆ ಹುಲ್ಲುಗಳನ್ನು ಜೆಸಿಬಿಯಲ್ಲಿ ಕೆರೆದು, ಸಾಲಾಗಿ ಗಾಳಿಮರ ನೆಡುತ್ತಾರೆ. ಅವು ಎರಡು ಮಳೆಗಾಲದ ಕೊರೆತಕ್ಕೆ ಬುಡಮೇಲಾಗಿ ಕಡಲಲ್ಲಿ ತೇಲುತ್ತವೆ.

ತೆರೆದ ಕಡಲಿಗೆ ಮೈಯೊಡ್ಡಿರುವ ಉಳ್ಳಾಲದಲ್ಲಿ ಕಾಂಡ್ಲಾ ನಿಲ್ಲುವುದಿಲ್ಲ, ಅದು ನನಗೂ ಗೊತ್ತು. ಅಲ್ಲಿ ಬೇಕಿರುವುದು ಮರಳು ಓಡಾಡುವ ಸ್ವಾತಂತ್ರ್ಯ. ನೇತ್ರಾವತಿಯ ಮರಳನ್ನು ಲಾರಿಯಲ್ಲಿ ಬೆಂಗಳೂರಿಗೆ ಕಳಿಸಿ, ಅಳಿವೆ ಬಾಗಿಲಿಗೆ ಅಲೆತಡೆ ಕಟ್ಟಿ, ದಕ್ಷಿಣಕ್ಕೆ ಮರಳು ಯಾಕೆ ಬರಲಿಲ್ಲ ಎಂದು ಕೇಳುವುದು ನಾಚಿಕೆಗೇಡು. ಎರಡನೇ ಸಾಲಿಗೆ ಮನೆ ಸರಿಸಬೇಕಾದ ಕಡೆ ಸರಿಸಬೇಕು. ಆದರೆ ಸರಿಯುವುದೆಂದರೆ ಯಾರು, ಎಲ್ಲಿಗೆ? ಮೊಗವೀರ, ಖಾರ್ವಿ, ಹರಿಕಂತ್ರ ಕುಟುಂಬಗಳನ್ನು ಹತ್ತು ಕಿಲೋಮೀಟರ್ ಒಳಗೆ ಸೈಟು ಕೊಟ್ಟು ಸಾಗಿಸಿ, ಬಿಟ್ಟ ಜಾಗಕ್ಕೆ ರೆಸಾರ್ಟು ತರುವ ಯೋಜನೆಗೆ 'ಪ್ರಕೃತಿ ಆಧಾರಿತ ಪರಿಹಾರ' ಎಂದು ಹೆಸರಿಟ್ಟು ಬಂದರೆ ಅದನ್ನೂ ತದಡಿಯ ಸ್ಥಾವರದಂತೆಯೇ ಅಟ್ಟಬೇಕು. ತೀರದ ಹಿಂದಿನ ಜಾಗದ ಹಕ್ಕುಪತ್ರ ಮೊದಲು ಮೀನುಗಾರರ ಕೈಗೆ ಬರಲಿ. ಗಜನಿ ಕಟ್ಟೆ ದುರಸ್ತಿಯ ಹಣ ಗುತ್ತಿಗೆದಾರನಿಗಲ್ಲ, ಗಜನಿ ಸಂಘಕ್ಕೆ ಹೋಗಲಿ. ಇದುವರೆಗೆ ಯಾವ ಊರಿನ ಕಡಲಿಗೆ ಎಷ್ಟು ಲೋಡು ಕಲ್ಲು, ಎಷ್ಟು ಕೋಟಿ, ಯಾರ ಗುತ್ತಿಗೆ, ಈಗ ಅಲ್ಲಿ ಉಳಿದಿರುವುದು ಎಷ್ಟು ಎನ್ನುವುದನ್ನು ಆಯಾ ಪಂಚಾಯತಿಯ ಗೋಡೆಯ ಮೇಲೆ ಬರೆಸಲಿ. ಅದನ್ನು ಓದಿ ಮುಗಿಸುವ ತನಕ ಯಾವ ಟಿಪ್ಪರೂ ಕಡಲ ಕರೆಗೆ ಇಳಿಯಕೂಡದು.