‘ಶಕ್ತಿ’ ಮಾತ್ರೆಗಿಂತ ಥರ್ಮಾಮೀಟರ್ ಮೇಲು

ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿದ್ದ ಬ್ಯಾಡಗಿಯ ಮಹಿಳೆಯೊಬ್ಬರನ್ನು ಅವರ ಮಗ ನನ್ನಲ್ಲಿಗೆ ಕರೆತಂದಿದ್ದ. ಕೈಚೀಲದ ತುಂಬ ವಿಟಮಿನ್ ಮಾತ್ರೆ, ಟಾನಿಕ್. ‘ಬಿಳಿ ರಕ್ತಕಣ ಕಡಿಮಿ ಆಗ್ಯಾವಂತ್ರಿ ಸಾಹೇಬ್ರ, ಶಕ್ತಿ ಬರ್ಲಿ ಅಂತ ತಂದೀನ್ರಿ’ ಎಂದ. ತಾಯಿಗೆ ಎರಡು ದಿನದಿಂದ ಜ್ವರವಿತ್ತು. ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ! ಅಂದೇ ಹುಬ್ಬಳ್ಳಿಗೆ ಕಳಿಸಿದೆ, ಬದುಕಿದರು.

ಕಿಮೋಥೆರಪಿ ಔಷಧಿಗಳು ಮೂಳೆಯ ಮಜ್ಜೆಯನ್ನು ಕುಗ್ಗಿಸುತ್ತವೆ. ಸಾಮಾನ್ಯವಾಗಿ 7ರಿಂದ 14ನೇ ದಿನದೊಳಗೆ ಬಿಳಿ ರಕ್ತಕಣಗಳು ತೀರ ಇಳಿಯುತ್ತವೆ. ವಿಟಮಿನ್ ಮಾತ್ರೆ ಇದನ್ನು ತಡೆಯಲಾರದು. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

‘ಗುಣವಾಗದಿದ್ದರೂ ನಷ್ಟವೇನು?’ ಎನ್ನುವವರುಂಟು. ಫಿನ್ಲೆಂಡಿನಲ್ಲಿ 29 ಸಾವಿರ ಧೂಮಪಾನಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಿತ್ತು. ಮೆಥೊಟ್ರೆಕ್ಸೇಟ್ ಔಷಧಿ ಕೆಲಸ ಮಾಡುವುದೇ ಫೋಲಿಕ್ ಆಮ್ಲಕ್ಕೆ ಅಡ್ಡಿಪಡಿಸಿ. ವೈದ್ಯರನ್ನು ಕೇಳದೆ ಆ ಮಾತ್ರೆ ನುಂಗಿದರೆ ಚಿಕಿತ್ಸೆಯ ಬಲ ಕುಗ್ಗಬಹುದು.

ರಕ್ತಪರೀಕ್ಷೆಯಲ್ಲಿ ಕಬ್ಬಿಣ, ಬಿ12 ಅಥವಾ ಡಿ ವಿಟಮಿನ್ ಕೊರತೆ ಕಂಡರೆ ವೈದ್ಯರೇ ಬರೆದುಕೊಡುತ್ತಾರೆ. ಉಳಿದ ಹಣದಲ್ಲಿ ಹಾಲು, ಬೇಳೆ, ಮೊಟ್ಟೆ ತನ್ನಿರಿ. ಮೊಟ್ಟೆ ಚೆನ್ನಾಗಿ ಬೆಂದಿರಲಿ. ಬಾಯಿ ಹುಣ್ಣಾಗಿದ್ದರೆ ಕಾಯಿಸಿದ ಹಾಲಿನಲ್ಲಿ ನೆನೆಸಿದ ರೊಟ್ಟಿ ಕೊಡಿ. ಬ್ಯಾಡಗಿ ಮೆಣಸಿನಕಾಯಿ ಖಾರ ಕಡಿಮೆ ಎಂಬುದು ನಿಜವಾದರೂ ಆಗ ಅದೂ ಬೇಡ.

ಹಾವೇರಿ, ರಾಣೆಬೆನ್ನೂರಿನ ಔಷಧಿ ಅಂಗಡಿಯವರಲ್ಲಿ ಒಂದು ವಿನಂತಿ: ಟಾನಿಕ್ ಕೊಡುವ ಮೊದಲು ‘ಯಾರಿಗೆ?’ ಎಂದು ಕೇಳಿರಿ. ಮನೆಯವರು ಕೊಳ್ಳಬೇಕಾದ ಮೊದಲ ವಸ್ತು ಥರ್ಮಾಮೀಟರ್.