ಬಡಿದವನಿಗೆ ಕೂಲಿ, ಉಳಿದವರಿಗೆ ಹುಟ್ಟುವಳಿ

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಗಿರಣಿಯಲ್ಲಿ ದುಡಿಯುವ ಬಂಧುಗಳಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಪಾಳಿ ಮುಗಿಸಿ ಮನೆಗೆ ಬಂದು ಹಾಡು ಕೇಳುವಾಗಲೂ ಅದೇ ಗಾದೆ ನಿಜವಾಗುತ್ತಿದೆಯೆಂದು ಎಷ್ಟು ಜನ ಬಲ್ಲರು? ಹಾಡಿದವರ ಹೆಸರು ಗೊತ್ತು. ರಾಗ ಹಾಕಿದವರ ಹೆಸರು ಗೊತ್ತು. ತಾಳ ಬಡಿದು ಹಾಡಿಗೆ ಕಾಲು ಕೊಟ್ಟವನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಲಾಭಕ್ಕಾಗಿಯೇ ಆ ಹೆಸರನ್ನು ಮರೆಸಲಾಗಿದೆ ಎಂಬುದು ನಮ್ಮ ಆರೋಪ.

ಅಮೆರಿಕದ ನಿದರ್ಶನವನ್ನೇ ನೋಡಿ. ಕ್ಲೈಡ್ ಸ್ಟಬ್ಲ್‌ಫೀಲ್ಡ್ ಎಂಬ ಕಪ್ಪು ಜನಾಂಗದ ಡ್ರಮ್ ವಾದಕ 1943ರಲ್ಲಿ ಟೆನೆಸಿ ಸಂಸ್ಥಾನದ ಚಟನೂಗದಲ್ಲಿ ಹುಟ್ಟಿದ. ಸಂಗೀತಶಾಲೆಯಲ್ಲಿ ಕಲಿತವನಲ್ಲ, ಊರಿನ ಕಾರ್ಖಾನೆಯ ಸದ್ದು, ರೈಲುಗಾಡಿಯ ಸದ್ದು, ಇವೇ ಆತನ ಗುರುಗಳು. 1969ರ ನವೆಂಬರ್ 20ರಂದು ಸಿನ್‌ಸಿನಾಟಿ ನಗರದಲ್ಲಿ ಗಾಯಕ ಜೇಮ್ಸ್ ಬ್ರೌನನ 'ಫಂಕಿ ಡ್ರಮ್ಮರ್' ಹಾಡಿನ ಧ್ವನಿಮುದ್ರಣವಾಯಿತು. ಅದರಲ್ಲಿ ಒಂದು ಕಡೆ ಉಳಿದ ವಾದ್ಯಗಳೆಲ್ಲ ನಿಂತು, ಸುಮಾರು 20 ಸೆಕೆಂಡು ಡ್ರಮ್ ಒಂದೇ ನುಡಿಯುತ್ತದೆ.

1980ರ ದಶಕದಲ್ಲಿ, ಹಳೆಯ ಮುದ್ರಿಕೆಯ ತುಂಡನ್ನು ಕತ್ತರಿಸಿ ಬೇಕಾದಷ್ಟು ಸಲ ತಿರುಗಿಸಿ ನುಡಿಸುವ ಸ್ಯಾಂಪ್ಲರ್ ಎಂಬ ಯಂತ್ರದ ಬಳಕೆ ಹಬ್ಬಿತು. ಆ ಬಡಿತವನ್ನು ಪಬ್ಲಿಕ್ ಎನಿಮಿ ತಂಡ ಎತ್ತಿಕೊಂಡಿತು, ಎಲ್.ಎಲ್. ಕೂಲ್ ಜೆ ಎತ್ತಿಕೊಂಡ. ಹೀಗೆ ಸಾವಿರಕ್ಕೂ ಮಿಕ್ಕಿದ ಧ್ವನಿಮುದ್ರಿಕೆಗಳು ಅದನ್ನು ಬಳಸಿದವು. ಹಾಡಿನ ಕರ್ತೃವೆಂದು ದಾಖಲಾದದ್ದು ಬ್ರೌನ್ ಒಬ್ಬನ ಹೆಸರು. ಬಡಿದವನಿಗೆ ಹೇಳಿಕೊಳ್ಳುವಂಥ ರಾಯಧನವೇ ಬರಲಿಲ್ಲ. ಕ್ಯಾನ್ಸರ್ ಬಂದು ಆಸ್ಪತ್ರೆಯ ಸಾಲ ಬೆಳೆದಾಗ ಗಾಯಕ ಪ್ರಿನ್ಸ್ ಕೈಯಿಂದ ಹಣ ಕೊಟ್ಟು ನೆರವಾದ. ಯಾವ ಕಾನೂನೂ ನೆರವಿಗೆ ಬರಲಿಲ್ಲ. 2017ರಲ್ಲಿ ಸ್ಟಬ್ಲ್‌ಫೀಲ್ಡ್ ತೀರಿಕೊಂಡ.

ಗ್ರೆಗರಿ ಕೋಲ್ಮನ್‌ನ ಗತಿ ಇನ್ನೂ ಘೋರ. 1969ರಲ್ಲೇ ವಿನ್‌ಸ್ಟನ್ಸ್ ತಂಡದ 'ಆಮೆನ್, ಬ್ರದರ್' ಮುದ್ರಿಕೆಯಲ್ಲಿ ಆತ ಬಡಿದ 6-7 ಸೆಕೆಂಡುಗಳ ಮೇಲೆ ಇಂಗ್ಲೆಂಡಿನಲ್ಲಿ ಒಂದು ನೃತ್ಯಸಂಗೀತ ಪಂಥವೇ ಬೆಳೆಯಿತು. ಆತ ಅದರಿಂದ ಕವಡೆಯನ್ನೂ ಕಾಣದೆ, 2006ರಲ್ಲಿ ಮನೆಯಿಲ್ಲದ ನಿರ್ಗತಿಕನಾಗಿ ಸತ್ತ.

"ಕೂಲಿ ಕೊಟ್ಟಾಯಿತಲ್ಲ, ಇನ್ನೇನು?" ಎಂದು ಕೇಳುವ ಮಹನೀಯರಿದ್ದಾರೆ. ಅಂಗಡಿಯ ಮಿತ್ರರೇ, ನೀವೇ ತೀರ್ಪು ಹೇಳಿ. ಒಂದು ಮೂಟೆ ಅಕ್ಕಿಯನ್ನು ನೀವು ಒಮ್ಮೆ ಮಾತ್ರ ಮಾರಬಲ್ಲಿರಿ. ಮಾರಿದರೂ ಮುಗಿಯದ ಮೂಟೆಯೊಂದನ್ನು ಸಾವಿರ ಸಲ ಮಾರಿದವನು ಬೆಳೆದ ರೈತನಿಗೆ ಒಂದೇ ಸಲದ ಬೆಲೆ ಕೊಟ್ಟರೆ, ಅದನ್ನು ವ್ಯಾಪಾರವೆನ್ನುತ್ತೀರಾ? ನೇಯ್ದ ಬಟ್ಟೆ ಹರಿಯುತ್ತದೆ. ಮುದ್ರಿಸಿದ ಬಡಿತ ಹರಿಯುವುದಿಲ್ಲ. ಸವೆಯದ ಸರಕಿಗೆ ದಿನಗೂಲಿಯ ಲೆಕ್ಕ ಸಲ್ಲದು. ಹಾಡು ಬರೆದವನಿಗೂ ರಾಗ ಹಾಕಿದವನಿಗೂ ಮಾರಾಟದಲ್ಲಿ ಪಾಲುಂಟೆಂದು ಒಪ್ಪಿದ ಮೇಲೆ, ತಾಳದವನಿಗೇಕಿಲ್ಲ?

ಬ್ರೌನನ ಮೇಲೆ ನಮಗೆ ಹಗೆಯಿಲ್ಲ; ಆತನೂ ಕಡುಬಡತನದಲ್ಲಿ ಬೆಳೆದವನೇ. ಕಾಗದದ ಮೇಲೆ ಬರೆದದ್ದನ್ನು ಆಸ್ತಿಯೆಂದೂ ಕೈಯಿಂದ ಬಡಿದದ್ದನ್ನು ಬರೀ ಕೂಲಿಯೆಂದೂ ವಿಂಗಡಿಸುವ ವ್ಯವಸ್ಥೆಯೊಡನೆ ನಮ್ಮ ಜಗಳ.

ಇದು ದೂರದ ದೇಶದ ಮಾತೆಂದು ತಳ್ಳಿಹಾಕಬೇಡಿ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ತಿದ್ದುಪಡಿ ಬಂದು, ವಾಣಿಜ್ಯ ಬಳಕೆಯಾದರೆ ಕಲಾವಿದನಿಗೂ ರಾಯಧನ ಸಲ್ಲಬೇಕೆಂದಿತು. ಸಂತೋಷ. ಆದರೆ ಚಲನಚಿತ್ರದಲ್ಲಿ ಪ್ರಾಸಂಗಿಕವಾಗಿ ಭಾಗವಹಿಸಿ, ಉದ್ಯಮದ ವಾಡಿಕೆಯಂತೆ ಹೆಸರುಪಟ್ಟಿಯಲ್ಲಿ ಸೇರದವನನ್ನು ಅದೇ ಕಾಯಿದೆ ಈ ಹಕ್ಕಿನ ಮಟ್ಟಿಗೆ ಕಲಾವಿದನೆಂದೇ ಎಣಿಸುವುದಿಲ್ಲ! ಹೆಸರುಪಟ್ಟಿ ಬರೆಸುವವರು ಯಾರು? ಹಣ ಹೂಡಿದವರು. ಹಾಜರಿ ಪಟ್ಟಿಯಲ್ಲಿ ಹೆಸರು ಬರೆಯದೆ, ಆಮೇಲೆ ನೀನು ನಮ್ಮ ಕೆಲಸಗಾರನೇ ಅಲ್ಲವೆನ್ನುವ ಮಾಲೀಕನ ಜಾಣತನಕ್ಕೆ ಇಲ್ಲಿ ದಾರಿಯಿದೆ.

ನಾವು ಕೇಳುವುದಿಷ್ಟು: ಪ್ರತಿಯೊಂದು ಧ್ವನಿಮುದ್ರಿಕೆಯಲ್ಲೂ ವಾದ್ಯ ನುಡಿಸಿದವರೆಲ್ಲರ ಹೆಸರು ಕಡ್ಡಾಯವಾಗಲಿ, ಅದರ ತುಂಡು ಮತ್ತೆ ಮಾರಾಟವಾದಾಗಲೆಲ್ಲ ನುಡಿಸಿದವನಿಗೆ ಪಾಲು ಸಲ್ಲಲಿ, ಅದನ್ನು ವಸೂಲು ಮಾಡಲು ವಾದ್ಯಗಾರರ ಬಲವಾದ ಸಂಘವಿರಲಿ. ಗಿರಣಿಯ ಬೋನಸ್ಸು ಮಾಲೀಕರ ಕರುಣೆಯಿಂದ ಬರಲಿಲ್ಲ. ಕಾರ್ಮಿಕರು ಹೋರಾಡಿದ ಮೇಲೆ 1965ರಲ್ಲಿ ಕಾಯಿದೆಯಾಗಿ ಬಂತು. ಪ್ರಿನ್ಸ್‌ನಂಥವರ ಔದಾರ್ಯಕ್ಕೆ ಕೈಮುಗಿಯೋಣ. ಆದರೆ ದುಡಿದವನು ದಾನಕ್ಕೆ ಕೈಚಾಚಬೇಕಾದ ಏರ್ಪಾಡನ್ನು ಒಪ್ಪಲಾರೆವು.